ಪಕ್ಷ ದಾಟಲು ದಾಖಲೆ ಬೇಡ

ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡಗಳಲ್ಲಿ ಚುನಾವಣೆ ಬಂದಾಗ ಹೊಸ ಮುಖ ಯಾರೆಂದು ಯಾರೂ ಕೇಳುವುದಿಲ್ಲ. ಮುಖಗಳು ಅವೇ. ಈ ಸಲ ಯಾರು ಯಾವ ಪಕ್ಷದಲ್ಲಿದ್ದಾರೆ ಎಂಬುದು ಗೊತ್ತಾದರೆ ಸಾಕು, ಮತದಾರ ಅರ್ಧ ಪಾಸು.

ಹಳಿಯಾಳ ಕುಸ್ತಿಯ ಊರು. ಕುಸ್ತಿಯಲ್ಲಿ ಪೈಲ್ವಾನ ಗರಡಿ ಬದಲಿಸಿದರೆ ವಸ್ತಾದನಿಗಾದರೂ ಕಾರಣ ಹೇಳಬೇಕು. ಮತದ ಅಖಾಡದಲ್ಲಿ ಅಂಥ ಕಿರಿಕಿರಿ ಇಲ್ಲ. ಆರ್.ವಿ. ದೇಶಪಾಂಡೆ 1983ರಲ್ಲಿ ಇಲ್ಲಿಂದ ಗೆದ್ದಿದ್ದು ಜನತಾ ಪಕ್ಷದಿಂದ, ರಾಜ್ಯದಲ್ಲಿ ಕಾಂಗ್ರೆಸ್ ಮೊದಲ ಸಲ ಅಧಿಕಾರ ಕಳೆದುಕೊಂಡ ಆ ಚುನಾವಣೆಯಲ್ಲಿ. 1985, 1989, 1994ರಲ್ಲೂ ಜನತಾ ಪರಿವಾರದ ಹೆಸರಿನಲ್ಲೇ ಗೆದ್ದರು. 1999ರಲ್ಲಿ ಅದೇ ಕಾಂಗ್ರೆಸ್ಸಿನಿಂದ ಗೆದ್ದರು. ಹಳಿಯಾಳ ಕಣ್ಣು ಮಿಟುಕಿಸಲಿಲ್ಲ. 2023ರವರೆಗೆ ಒಟ್ಟು ಒಂಬತ್ತು ಗೆಲುವು.

ನಡುವೆ 2008ರಲ್ಲಿ ಒಮ್ಮೆ ಜೆಡಿಎಸ್‌ನ ಸುನೀಲ ಹೆಗಡೆ ದೇಶಪಾಂಡೆಯವರನ್ನು ಸೋಲಿಸಿದರು. ಸೋತವರನ್ನು ಕಾಂಗ್ರೆಸ್ ತನ್ನ ರಾಜ್ಯ ಘಟಕದ (ಕೆಪಿಸಿಸಿ) ಅಧ್ಯಕ್ಷರನ್ನಾಗಿ ಮಾಡಿತು. ಒಂದು ಕ್ಷೇತ್ರ ಕೈಬಿಟ್ಟವರಿಗೆ ಇಡೀ ರಾಜ್ಯ! ಇಂಥ ಪರಿಹಾರ ಅತಿವೃಷ್ಟಿಯಲ್ಲಿ ಬೆಳೆ ಕಳೆದುಕೊಂಡ ರೈತನಿಗೂ ಸಿಕ್ಕಿದ್ದು ಕೇಳಿಲ್ಲ.

ಗೆದ್ದ ಹೆಗಡೆಯವರು ಮುಂದೆ ಬಿಜೆಪಿಯಾದರು. ಖಾಲಿಯಾದ ಜೆಡಿಎಸ್ ಟಿಕೆಟ್ ಹಾಳಾಗಲಿಲ್ಲ. ಕಾಂಗ್ರೆಸ್ಸಿನಿಂದ ವಿಧಾನ ಪರಿಷತ್ ಸದಸ್ಯರಾಗಿದ್ದ ಎಸ್.ಎಲ್. ಘೋಟ್ನೇಕರ 2023ರಲ್ಲಿ ಅದನ್ನು ಹಿಡಿದು ನಿಂತರು. ಹೀಗೆ ಒಬ್ಬ ಮಾಜಿ ಜನತಾದಳಿಗ ಕಾಂಗ್ರೆಸ್ಸಿನಿಂದ, ಒಬ್ಬ ಮಾಜಿ ಜೆಡಿಎಸ್ಸಿಗ ಬಿಜೆಪಿಯಿಂದ, ಒಬ್ಬ ಮಾಜಿ ಕಾಂಗ್ರೆಸ್ಸಿಗ ಜೆಡಿಎಸ್‌ನಿಂದ ಸಿದ್ಧಾಂತಕ್ಕಾಗಿ ಸೆಣಸಿದರು. ನಾಲ್ಕು ಸಾವಿರದೊಳಗಿನ ಅಂತರದಲ್ಲಿ ದೇಶಪಾಂಡೆಯವರ ಸಿದ್ಧಾಂತ ಗೆದ್ದಿತು.

ಮುಂಡಗೋಡದವರು ನಗಬೇಕಿಲ್ಲ. ಅವರು ಯಲ್ಲಾಪುರ ಕ್ಷೇತ್ರದವರು, ಅಲ್ಲಿನ ಪಾಠ ಇನ್ನೂ ಕಠಿಣ. 2018ರಲ್ಲಿ ಕಾಂಗ್ರೆಸ್ಸಿನ ಶಿವರಾಮ ಹೆಬ್ಬಾರ ಬಿಜೆಪಿಯ ವಿ.ಎಸ್. ಪಾಟೀಲರನ್ನು 1,483 ಮತಗಳಿಂದ ಸೋಲಿಸಿದರು. 2019ರಲ್ಲಿ ಹೆಬ್ಬಾರ ರಾಜೀನಾಮೆ ಕೊಟ್ಟರು, ಸ್ಪೀಕರ್ ಅನರ್ಹಗೊಳಿಸಿದರು, ಸುಪ್ರೀಂ ಕೋರ್ಟು ಅನರ್ಹತೆ ಸರಿ, ಸ್ಪರ್ಧೆಯೂ ಸರಿ ಎಂದಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅದೇ ಜನ ಅದೇ ಹೆಬ್ಬಾರರನ್ನು ಬಿಜೆಪಿಯಿಂದ 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿದರು. ಅನರ್ಹತೆಯಿಂದ ಇಷ್ಟು ಲಾಭವುಂಟೆಂದು ತಿಳಿದಿದ್ದರೆ ಅರ್ಹರಾಗಿರಲು ಯಾರು ತಾನೆ ಒದ್ದಾಡುತ್ತಿದ್ದರು? ಆಮೇಲೆ ಕಾರ್ಮಿಕ ಖಾತೆಯೂ ಬಂತು.

2023ರಲ್ಲಿ ಮತ್ತೆ ಅದೇ ಜೋಡಿ. ಆದರೆ ಈಗ ಹೆಬ್ಬಾರ ಬಿಜೆಪಿ, ಪಾಟೀಲ ಕಾಂಗ್ರೆಸ್. 2018ರಲ್ಲಿ ಒತ್ತಿದ ಚಿಹ್ನೆಯನ್ನೇ ನಿಷ್ಠೆಯಿಂದ ಒತ್ತಿದವನ ಮತ, ಆಗ ಅವನು ಯಾರನ್ನು ಬೇಡವೆಂದಿದ್ದನೋ ಅವರಿಗೇ ಬಿತ್ತು. ಗೆದ್ದಿದ್ದು ಹೆಬ್ಬಾರ. 2025ರ ಮೇ ತಿಂಗಳಲ್ಲಿ ಬಿಜೆಪಿ ಅವರನ್ನು ಆರು ವರ್ಷಕ್ಕೆ ಉಚ್ಚಾಟಿಸಿತು. ಶಾಸಕ ಸ್ಥಾನಕ್ಕೆ ಏನೂ ಆಗಲಿಲ್ಲ.

ಜನರೂ ಇಲ್ಲಿ ಜಾಗ ಬದಲಿಸಿದ್ದುಂಟು. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಪೇಟೆಯೇ ಮುಳುಗಿ, ತಾಲ್ಲೂಕು ಕಚೇರಿ ಜೊಯಿಡಾಕ್ಕೆ ಹೋಯಿತು, ಮನೆ ಕಳೆದುಕೊಂಡವರಲ್ಲಿ ಹಲವರು ಇದೇ ತಾಲ್ಲೂಕಿನ ರಾಮನಗರಕ್ಕೆ ಬಂದರು. ಅವರು ದಾಟಿದ್ದಕ್ಕೆ ಯಾರೂ ಮಂತ್ರಿಗಿರಿ ಕೊಡಲಿಲ್ಲ.

ದಾಟಲು ಆಗದೇ ಉಳಿದವರೂ ಇದ್ದಾರೆ. ಜೊಯಿಡಾದ ಕುಣಬಿ ಸಮುದಾಯದವರು ತಮ್ಮನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಎಂದು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದಾರೆ. ಗಡಿಯಾಚೆ ಗೋವಾದ ಕುಣಬಿಗಳು 2003ರಲ್ಲೇ ಆ ಪಟ್ಟಿಗೆ ಸೇರಿದರು. ಈಚೆಯವರ ಕಡತ ಮಾತ್ರ ಅಧ್ಯಯನ, ಶಿಫಾರಸು, ಸ್ಪಷ್ಟೀಕರಣಗಳ ನಡುವೆ ಓಡಾಡುತ್ತಿದೆ. ನಾಯಕರ ಪಂಗಡ ಬದಲಾಗಲು ಒಂದು ರಾತ್ರಿ, ಒಂದು ರೆಸಾರ್ಟು ಸಾಕು.

ಪಂಗಡವಾಗದ ಕಾರಣ ಅರಣ್ಯ ಹಕ್ಕು ಕಾಯ್ದೆಯಡಿ ಇವರಿಗೆ ಇನ್ನೊಂದು ಪರೀಕ್ಷೆ: ಮೂರು ತಲೆಮಾರು, ಅಂದರೆ 75 ವರ್ಷ, ಇದೇ ಕಾಡಿನಲ್ಲಿ ಇದ್ದೆವು ಎಂಬ ಪುರಾವೆ. ಗೆಡ್ಡೆ ಗೆಣಸು ಬೆಳೆದು ಬದುಕಿದ ಅಜ್ಜ ರಸೀದಿ ಇಟ್ಟುಕೊಂಡಿರಲಿಲ್ಲ ಎಂಬುದೇ ಅವನ ಮೊಮ್ಮಗನ ಅಪರಾಧ.

ನನ್ನದೊಂದು ಸಣ್ಣ ಸಲಹೆ. ಈ ನಿಯಮವನ್ನು ಚುನಾವಣಾ ಟಿಕೆಟ್ಟಿಗೂ ವಿಸ್ತರಿಸಲಿ. 75 ವರ್ಷ ಬೇಡ, ತಲೆಮಾರೂ ಬೇಡ. ಒಂದೇ ಪಕ್ಷದಲ್ಲಿ ಎಡೆಬಿಡದೆ ವಾಸವಿದ್ದ ಬಗ್ಗೆ ಹತ್ತು ವರ್ಷದ ಪುರಾವೆ, ಜೊತೆಗೆ ಗ್ರಾಮಸಭೆಯ ಠರಾವು ಸಾಕು. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿ ಉಪವಿಭಾಗಾಧಿಕಾರಿಯ ಬಳಿ. ಅಲ್ಲಿ ಸರದಿ ಉದ್ದವಿರುತ್ತದೆ, ಸಾಹೇಬರು ಬುತ್ತಿ ಕಟ್ಟಿಕೊಂಡು ಬರಲಿ. ಎಲ್ಲಿ ನಿಲ್ಲಬೇಕು, ಯಾವ ಗುಮಾಸ್ತರನ್ನು ಕೇಳಬೇಕು ಎಂದು ತಿಳಿಯದಿದ್ದರೆ ಮುಂದೆ ನಿಂತಿರುವ ಕುಣಬಿ ಹೇಳಿಕೊಡುತ್ತಾನೆ. ಅವನಿಗೆ ಅನುಭವವಿದೆ.