ಮುತ್ಯಾನ ಕೈಯಾಗ ಎಂಟಿಂಚು

ಡಲ್ಲಾಸ್ ಪಕ್ಕದ ಫ್ರಿಸ್ಕೋಗೆ ಬಂದಿಳಿದ ವಾರದೊಳಗೇ ಮಾವನವರು ಅಮೆರಿಕದ ಮೇಲೆ ತೀರ್ಪು ಕೊಟ್ಟಾಗಿತ್ತು: "ಜಾಗ ಭಾಳ ಅದ, ಮಂದಿ ಇಲ್ಲ." ಆಮೇಲೆ ವಿಚಾರಣೆಗೆ ಉಳಿದದ್ದು ನನ್ನ ಮಗಳ ಪುಟ್ಟ ಟ್ಯಾಬ್ಲೆಟ್ ಒಂದೇ. ಎಂಟಿಂಚಿನದು, ಜೊತೆಗೊಂದು ಪೆನ್ನು. ಕೈಯಾರೆ ತಿದ್ದಿ ಕನ್ನಡ ಕಲಿಯಲಿ ಎಂದು ನಾನು ತಂದದ್ದು. ಅವಳು ಅದರಲ್ಲಿ ಕೊಂಬಿರುವ ಕುದುರೆಗಳನ್ನು ಬರೆಯುತ್ತಿದ್ದಳು. ಯಾವ ಕಂಪನಿಯದೆಂದು ಕೇಳಬೇಡಿ. ಮಾವನವರ ತೀರ್ಪಿಗೆ ಮೇಲ್ಮನವಿ ಇಲ್ಲ.

ಸುರಪುರದ ಮನುಷ್ಯ, ಯಾದಗಿರಿ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಅಡತ್ (ದಲ್ಲಾಳಿ) ಅಂಗಡಿ ನಡೆಸಿದವರು. ಮೊದಲು ಅಂಗೈಯಲ್ಲಿ ತೂಗಿದರು. "ಮುನ್ನೂರು ಗ್ರಾಂ." ಡಬ್ಬಿ ತೆಗೆದು ನೋಡಿದೆ, ಹೆಚ್ಚುಕಡಿಮೆ ಅಷ್ಟೇ. ನಂತರ ನೆಹರು ಶರ್ಟಿನ ಬಗಲ ಕಿಸೆಗೆ ಇಳಿಸಿದರು, ಹಿಡಿಸಿತು. ಅಲ್ಲಿಗೆ ಅರ್ಧ ಪರೀಕ್ಷೆ ಪಾಸು. ಈ ಅಳತೆಯ ಮಹಿಮೆ ಕಂಪನಿಗಳಿಗೂ ಗೊತ್ತು. ಸ್ಯಾಮ್‌ಸಂಗ್ 2013ರಲ್ಲೇ ಎಂಟಿಂಚಿನ ನೋಟ್ ತಂದು, ಬ್ಯಾಟರಿಯೇ ಬೇಡದ ಪೆನ್ನನ್ನು ಅದರ ಹೊಟ್ಟೆಯೊಳಗೇ ಸಿಕ್ಕಿಸಿತ್ತು. ಆಪಲ್‌ನ ಮಿನಿ ಐಪ್ಯಾಡಿಗೆ ಪೆನ್ಸಿಲಿನ ಭಾಗ್ಯ ಬಂದದ್ದು 2019ರಲ್ಲಿ. ಅದೂ ಬಾಲವನ್ನು ಐಪ್ಯಾಡಿಗೆ ಚುಚ್ಚಿ ಚಾರ್ಜ್ ಮಾಡುವ ಪೆನ್ಸಿಲು. 2021ರ ಮಿನಿಯಲ್ಲಿ ಪೆನ್ಸಿಲು ಪಕ್ಕಕ್ಕೆ ಅಯಸ್ಕಾಂತದಿಂದ ಅಂಟಿಕೊಂಡಿತು.

ಬರೆಯಲು ಕೂತ ಮೇಲೆ ದೋಷಗಳು ಶುರು. ಎಂಟಿಂಚಿನಲ್ಲಿ ಅಂಗೈ ಇಡಲು ಜಾಗವಿಲ್ಲ. ಎರಡು ಸಾಲು ಬರೆಯುವಷ್ಟರಲ್ಲಿ ಕೈ ಅಂಚಿನಿಂದ ಜಾರಿ ಮೇಜಿಗೆ ಬೀಳುತ್ತದೆ. ಊರಿನ ಹೊಲದ ಪಹಣಿ ತೆಗೆದರೆ ಸರ್ವೆ ನಂಬರ್ ಕಂಡಲ್ಲಿ ಹೆಸರು ಕಾಣದು. ಹೆಸರು ದೊಡ್ಡದು ಮಾಡಿದರೆ ಹೊಲ ಪರದೆಯ ಆಚೆ ಹೋಗುತ್ತದೆ. "ಒತ್ತುವರಿ ಆತು" ಎಂದರು ಮಾವ.

ಅಕ್ಷರ ಗುರುತಿಸುವುದು ಇನ್ನೊಂದು ಕಥೆ. ನಿಜಾಮನ ರಾಜ್ಯ ಭಾರತಕ್ಕೆ ಸೇರಿದ 1948ರ ಪೊಲೀಸ್ ಆಕ್ಷನ್ ಆಗುವ ಹೊತ್ತಿಗೆ ಮಾವನವರು ಮೂರನೇ ಇಯತ್ತೆ, ಶಾಲೆ ಉರ್ದು. ಆಮೇಲೆ ಕನ್ನಡ. ಹೀಗಾಗಿ ಅವರ ಚೀಟಿಯಲ್ಲಿ ರೈತನ ಹೆಸರು ಕನ್ನಡ, ದರ ಉರ್ದು ಅಂಕಿ, ಬೈಗುಳ ಎರಡೂ. ಗೂಗಲ್ 2015ರಲ್ಲಿ ಆಂಡ್ರಾಯ್ಡಿಗೆ 82 ಭಾಷೆಯ ಕೈಬರಹ ಓದುವ ಸೌಲಭ್ಯ ಕೊಟ್ಟಿದ್ದು ನಿಜ, ಆದರೆ ಒಂದೇ ಸಾಲಿನಲ್ಲಿ ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಓಡಾಡುವ ಹೈದರಾಬಾದ್ ಕರ್ನಾಟಕದ ಅಡತ್ಯಾನನ್ನು ಯಾವ ಇಂಜಿನಿಯರ್ ಕನಸಿನಲ್ಲಿ ಕಂಡಾನು?

ಚಿತ್ರ ಬರೆಯಲು ಮಾತ್ರ ಅಡ್ಡಿಯಿಲ್ಲ ಎಂದುಕೊಂಡೆ. ಒತ್ತಿದಷ್ಟು ದಪ್ಪ ಗೆರೆ. ಕೆಲವು ಪೆನ್ನುಗಳು 4096 ಹಂತದ ಒತ್ತಡ ಗುರುತಿಸುತ್ತವೆ. (ಅತ್ತೆಯವರ ಒತ್ತಡದಲ್ಲಿ ಎಷ್ಟು ಹಂತಗಳಿವೆ ಎಂಬುದನ್ನು ಮಾವನವರು ಮಾತ್ರ ಬಲ್ಲರು.) ಆದರೆ ಸುರಪುರದವರ ಮುಂದೆ ಚಿತ್ರದ ಮಾತು ಎತ್ತಬಾರದು. ಗರುಡಾದ್ರಿ ಮನೆತನದ ಕಲಾವಿದರು ಬಂಗಾರದ ರೇಕು ಕೂರಿಸಿ ಬರೆದ ಸುರಪುರದ ಚಿತ್ರ ನೋಡಿದ ಕಣ್ಣದು. "ಇದರಾಗ ಬಂಗಾರ ಎಲ್ಲದ? ಅರಿಶಿಣ ಅದ." ಸೋಲಬಾರದೆಂದು ನಾನು ನಮ್ಮ ಶಹಾಪುರದ ಮಲಗಿದ ಬುದ್ಧನ ಬೆಟ್ಟ ಬರೆದು ತೋರಿಸಿದೆ. ಮೂಗು ಸರಿಯಾಗಿಯೇ ಬಂದಿತ್ತು. "ಛಲೋ ಅದ. ನಿಮ್ಮೂರಾಗ ಬುದ್ಧ ಸುದ್ದಾ ಮಲಗ್ಯಾನಲ್ರಿ ಅಳಿಯಂದ್ರ, ಇನ್ನ ಮಂದಿ ಎದ್ದು ಏನ್ ಮಾಡ್ಯಾರು?"

ಅಡತ್ ಮನುಷ್ಯ ನಿಜವಾಗಿ ಸಿಟ್ಟಾದದ್ದು ಅಳಿಸುವ ವಿಷಯಕ್ಕೆ. ಮೊಮ್ಮಗಳು ಎರಡು ಬೆರಳು ಮುಟ್ಟಿ ಒಂದು ಕುದುರೆಯನ್ನೇ ಮಾಯ ಮಾಡಿದಳು. ಕಲೆಯಿಲ್ಲ, ಗುರುತಿಲ್ಲ. ಖಾತೆ ಕಿರ್ದಿಯಲ್ಲಿ ತಪ್ಪಾದರೆ ಅಡ್ಡಗೆರೆ ಎಳೆದು ಮೇಲೆ ಬರೆಯಬೇಕು, ಕೆಳಗಿನದು ಓದಲು ಬರಬೇಕು. ಕೆರೆದ ವಹಿಯನ್ನು ಗಂಜಿನಲ್ಲಿ ಯಾರೂ ನಂಬರು. "ಇದು ಲೆಕ್ಕದ ಸಾಮಾನಲ್ರಿ, ದಿವಾಳಿ ಎತ್ತೋರ ಸಾಮಾನು." ಇಷ್ಟು ಖಡಾಖಂಡಿತವಾದ ಮಾತು ಯಾವ ಗ್ಯಾಜೆಟ್ ವಿಮರ್ಶಕನಿಂದಲೂ ನಾನು ಕೇಳಿಲ್ಲ.

ಅದೇ ಸಾಮಾನಿನಲ್ಲಿ ಅತ್ತೆಯವರು ಮಾವನವರ ಸಕ್ಕರೆ ಲೆಕ್ಕ ಬರೆಸತೊಡಗಿದರು. ದಿನಾ ಮುಂಜಾನೆ ಬೆರಳು ಚುಚ್ಚಿ ಬಂದ ಅಂಕಿಯನ್ನು ಮಾವನವರೇ ಪೆನ್ನಿನಲ್ಲಿ ಬರೆಯಬೇಕು. ಕನ್ನಡ ಕೂಟದ ಯುಗಾದಿ ಊಟದ ಮರುದಿನ ಅಲ್ಲಿ 142 ಎಂದಿತ್ತು. ಹಿಂದಿನ ರಾತ್ರಿ ಹೋಳಿಗೆ ಬಡಿಸಿದವಳು ನನ್ನ ಹೆಂಡತಿ. ಅವಳಿಗೆ ಸಂಶಯ ಬಂತು. ಅಜ್ಜಿಯ ಆಜ್ಞೆಯಂತೆ ಮಗಳು ಹಿಂದಕ್ಕೆ ತಿರುಗಿದ ಬಾಣವೊಂದನ್ನು ಒತ್ತುತ್ತಾ ಹೋದಳು. 142 ಹೋಗಿ 1 ಮಾತ್ರ ಉಳಿಯಿತು. ಇನ್ನೊಮ್ಮೆ ಒತ್ತಿದಳು, ಖಾಲಿ. ಮತ್ತೊಮ್ಮೆ ಒತ್ತಿದ್ದೇ ತಡ, 236 ಎದ್ದು ಕೂತಿತು.

"ಮುತ್ಯಾ, ಇದು ಎಲ್ಲಾ ನೆನಪು ಇಟ್ಕೊಳ್ಳುತ್ತೆ" ಎಂದಳು, ಬೆಂಗಳೂರಿನ ಕಾರ್ಟೂನುಗಳಿಂದ ಕಲಿತ ಕನ್ನಡದಲ್ಲಿ.

ಮಾವನವರು ಪೆನ್ನನ್ನು ಮೇಜಿನ ಮೇಲಿಟ್ಟು, "ವಹಿ ಖರೇ ಅದ ನೋಡು" ಎಂದರು. ಅತ್ತೆಯವರು ಮಾತಾಡಲಿಲ್ಲ. ವಾರವಿಡೀ ತಟ್ಟೆಗೆ ಬಿಳಿಜೋಳದ ರೊಟ್ಟಿ, ಹಾಗಲಕಾಯಿ ಪಲ್ಯ ಬಿಟ್ಟು ಬೇರೆ ಬೀಳಲೂ ಇಲ್ಲ.

ಊರಿಗೆ ಹೊರಟಾಗ ಮಗಳು ಅದನ್ನು ಮುತ್ಯಾನಿಗೇ ಕೊಟ್ಟಳು; ಅವಳಿಗೆ ದೊಡ್ಡದು ಬೇಕಿತ್ತು, ಅದು ಬೇರೆ ರಾಜಕೀಯ. ಹೋಗಿ ಮುಟ್ಟಿದ್ದು ಮೇ ತಿಂಗಳ ಸುರಪುರಕ್ಕೆ. ಇಂಥ ಸಾಮಾನುಗಳ ಪುಸ್ತಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಮಾತಿರುತ್ತದೆ: ಸುತ್ತಲಿನ ಶಾಖ 35 ಡಿಗ್ರಿ ಮೀರದಿರಲಿ. ಫೋನಿನಲ್ಲಿ ಓದಿ ಹೇಳಿದೆ.

"ಮೂವತ್ತೈದಾ? ಅಷ್ಟಿದ್ರ ನಾವು ಶಾಲು ಹೊದ್ಕೋತೀವಿ."

ಈಗೇನು ವ್ಯವಸ್ಥೆ ಎಂದು ಕೇಳಿದೆ. ಪಡಸಾಲೆಯ ಕೂಲರ್ ಮುಂದೆ ಸ್ಟೂಲ್ ಹಾಕಿ, ಸಕ್ಕರೆ ವಹಿ ಕೆಡಬಾರದೆಂದು ಅತ್ತೆಯವರು ಟ್ಯಾಬ್ಲೆಟನ್ನು ಅದರ ಮೇಲೆ ಇಟ್ಟಿದ್ದಾರಂತೆ. ಮಾವನವರ ಕುರ್ಚಿ ಕಿಟಕಿಯ ಕಡೆ ಸರಿದಿದೆ. ಕರೆಂಟ್ ಹೋದಾಗ ಬೀಸಣಿಗೆ ಹಿಡಿಯುವ ಕೆಲಸವೂ ಅವರದೇ. ಯಾರಿಗೆ ಬೀಸುತ್ತೀರಿ ಎಂದು ನಾನು ಕೇಳಲಿಲ್ಲ.