ಮರುಪ್ರಸಾರದ ಊರು

ಭದ್ರಾವತಿ ನ್ಯೂಟೌನಿನ ನನ್ನ ಭಾವ ಕಬ್ಬಿಣದ ಕಾರ್ಖಾನೆಯಲ್ಲಿ ಸ್ವಯಂನಿವೃತ್ತಿ ತೆಗೆದುಕೊಂಡವರು. ಅಲ್ಲಿನ ಶಿಫ್ಟು ಮುಗಿದ ಮೇಲೆ ಟಿವಿಯ ಶಿಫ್ಟಿಗೆ ಸೇರಿದ್ದಾರೆ. ಹಳೇ ಸಿನಿಮಾಗಳಿಗೇ ಮೀಸಲಾದ ಒಂದು ಚಾನೆಲ್. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ ಮೂರೂ ಅವರದೇ. ಓವರ್‌ಟೈಮ್ ಮಾತ್ರ ಕೊಡುವುದಿಲ್ಲ.

ಮೊನ್ನೆ ಶಿವಮೊಗ್ಗದಿಂದ ಬಸ್ಸು ಹತ್ತಿ ಹೋದಾಗ ‘ಕಸ್ತೂರಿ ನಿವಾಸ’ ನಡೆಯುತ್ತಿತ್ತು. 1971ರ ದೊರೆ–ಭಗವಾನ್ ಚಿತ್ರ. ಬೆಂಕಿಪೊಟ್ಟಣದ ಕಾರ್ಖಾನೆಯ ಧಣಿ ರಾಜಕುಮಾರ್, ಕೊಟ್ಟು ಕೊಟ್ಟೇ ಬರಿಗೈಯಾಗುವ ಮನುಷ್ಯ. ಕಾರ್ಖಾನೆ ಕೈತಪ್ಪುವ ಹೊತ್ತು, ಭಾವನ ಕಣ್ಣು ತುಂಬಿ ಇನ್ನೇನು ತುಳುಕಬೇಕು, ಅಷ್ಟರಲ್ಲಿ ಮಂಡಿನೋವಿನ ಎಣ್ಣೆ ಬಂತು. ಅದರ ಬೆನ್ನಿಗೇ ಚಿನ್ನದ ಮೇಲೆ ಸಾಲ. ಪಾಪ, ಆ ಧಣಿಗೆ ಈ ಉಪಾಯ ಹೊಳೆದಿರಲಿಲ್ಲ. ನಿಯಮದಲ್ಲಿ ಜಾಹೀರಾತಿಗೆ ಗಂಟೆಗೆ 12 ನಿಮಿಷವಂತೆ. ಭಾವನ ಮನೆಯ ಗೋಡೆ ಗಡಿಯಾರ ನಿಯಮ ಓದಿಕೊಂಡಿಲ್ಲ.

ಒಳಗೆ ಹೋಗಿ ಅಕ್ಕನ ಕೈಯ ಕಾಫಿ ಕುಡಿದು ಬಂದು ಕೇಳಿದೆ, “ಎಲ್ಲಿಗೆ ಬಂತು ಭಾವ?”

“ಇನ್ನೂ ಪೂರ್ತಿ ಮುಚ್ಚಿಲ್ಲ ಕಣೋ.”

ಸಿನಿಮಾದ್ದೋ ಊರಿನದ್ದೋ ಎಂದು ನಾನು ಕೇಳಲಿಲ್ಲ.

ನನ್ನ ಮನೆಯಲ್ಲೂ ಈ ಭಾಗ್ಯ ಇರಲಿ ಎಂದು ಶಿವಮೊಗ್ಗದ ನಮ್ಮ ಕೇಬಲ್ ಹುಡುಗನನ್ನು ಕರೆದಿದ್ದೆ. “ಎಷ್ಟು ಹಳೇದು ಬೇಕು ಸಾರ್? ‘ಓಂ’ ಆಗುತ್ತಾ?” ಎಂದ. ‘ಘಟಶ್ರಾದ್ಧ’ ಬರುತ್ತದೇನಪ್ಪಾ ಅಂದೆ. ಮನೆಯಲ್ಲಿ ಯಾರು ಹೋದರು ಎಂಬ ಮುಖ ಮಾಡಿ, ಆ ತಿಂಗಳ ದುಡ್ಡೂ ಕೇಳದೆ ಹೊರಟ. ಕಥೆ ಬರೆದ ಅನಂತಮೂರ್ತಿ ತೀರ್ಥಹಳ್ಳಿ ಸೀಮೆಯ ಮೇಳಿಗೆಯವರು, 1977ರಲ್ಲಿ ಅದನ್ನು ಚಿತ್ರ ಮಾಡಿ ಸ್ವರ್ಣಕಮಲ ತಂದ ಗಿರೀಶ ಕಾಸರವಳ್ಳಿ ಅದೇ ತಾಲ್ಲೂಕಿನವರು. ಪುಣೆಯ ಸಂಗ್ರಹಾಲಯದಲ್ಲಿದ್ದ ನೆಗೆಟಿವ್ ತೊಳೆದು ಹೊಸದು ಮಾಡಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. ತೀರ್ಥಹಳ್ಳಿಗೆ ನಮ್ಮಿಂದ 60 ಕಿಲೋಮೀಟರು. ವೆನಿಸ್ಸೇ ಹತ್ತಿರ ಎಂದಾಯಿತು. ಹೆಗ್ಗೋಡಿನಲ್ಲಿ ಸುಬ್ಬಣ್ಣನವರು ಅಡಿಕೆ ಸುಲಿಯುವ ಕೈಗಳಿಗೆ ಸತ್ಯಜಿತ್ ರಾಯ್, ಕುರೊಸಾವಾ ತೋರಿಸಿದ ಜಿಲ್ಲೆ ಇದು, ರಿಮೋಟ್ ಇಲ್ಲದ ಕಾಲದಲ್ಲಿ.

ಮೊದಲ ಕನ್ನಡ ಟಾಕಿ, 1934ರ ‘ಸತಿ ಸುಲೋಚನ’, ಪುಣ್ಯವಂತೆ. ಒಂದು ಪ್ರತಿಯೂ ಉಳಿದಿಲ್ಲವಾದ್ದರಿಂದ ಅವಳ ಬಾಯಿಗೆ ಯಾರೂ ಮಂಡಿನೋವಿನ ಎಣ್ಣೆ ಸುರಿಯುವಂತಿಲ್ಲ.

ಚಾನೆಲಿನವರನ್ನೇ ಬೈದು ಏನು ಪ್ರಯೋಜನ? ಮರುಪ್ರಸಾರದ ವಿದ್ಯೆಯನ್ನು ಅವರು ಕಲಿತಿರುವುದೇ ಭದ್ರಾವತಿಯಿಂದ ಎಂದು ನನಗೆ ಗುಮಾನಿ. 1923ರಲ್ಲಿ ಕಬ್ಬಿಣ ಕೊಡಲು ಶುರುಮಾಡಿದ ಕಾರ್ಖಾನೆ, ಮೇಲೆ ವಿಶ್ವೇಶ್ವರಯ್ಯನವರ ಹೆಸರು. 2023ರ ಜನವರಿಯಲ್ಲಿ ಮುಚ್ಚುತ್ತೇವೆ ಎಂದರು. ನೂರು ವರ್ಷದ ಹುಟ್ಟುಹಬ್ಬಕ್ಕೆ ಉಡುಗೊರೆ. ಜನ ಗೇಟಿನ ಮುಂದೆ ಕೂತರು. ಆಗಸ್ಟಿನಲ್ಲಿ ಒಂದು ಮೂಲೆ ಚಾಲೂ ಆಯಿತು. 2024ರಲ್ಲಿ ಉಕ್ಕು ಖಾತೆಯ ಹೊಸ ಸಚಿವರು ಬಂದರು, ನೋಡಿದರು, ಪುನಶ್ಚೇತನ ಎಂದರು. ಈ ಚಿತ್ರವನ್ನು ಊರು ಎಷ್ಟು ಸಲ ನೋಡಿದೆಯೆಂದರೆ ಸಂಭಾಷಣೆ ಬಾಯಿಪಾಠ; ಸಚಿವರು ತಡವರಿಸಿದರೆ ಹಿಂದಿನ ಸಾಲಿನಿಂದ ಯಾರಾದರೂ ಹೇಳಿಕೊಡುತ್ತಾರೆ. ನಾಯಕರು ಬದಲಾಗುತ್ತಾರೆ, ಹಾರ ಅದೇ ಅಂಗಡಿಯದು. ಪಕ್ಕದ ಕಾಗದನಗರದ ಎಂಪಿಎಂ ಕಾಗದ ಕಾರ್ಖಾನೆ ಮಾತ್ರ 1936ರಲ್ಲಿ ಹುಟ್ಟಿ 2015ರಲ್ಲಿ ಉಸಿರು ನಿಲ್ಲಿಸಿತು. ಅದು ಮೂಕಿ ಚಿತ್ರ, ಅದಕ್ಕೆ ಮರುಪ್ರಸಾರವೂ ಅಪರೂಪ.

ಚುನಾವಣೆ ಬಂದರೆ ಕಪ್ಪುಬಿಳುಪಿನ ಕಾರ್ಖಾನೆಗೆ ಬಣ್ಣ ಹಚ್ಚುತ್ತಾರೆ. ‘ಕಸ್ತೂರಿ ನಿವಾಸ’ಕ್ಕೂ 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದ್ದರಲ್ಲ, ಹಾಗೆ. ಒಂದೇ ವ್ಯತ್ಯಾಸ, ಸಿನಿಮಾದವರು ಟಿಕೆಟ್ಟಿಗೆ ದುಡ್ಡು ತೆಗೆದುಕೊಂಡು ಪೂರ್ತಿ ತೋರಿಸಿದರು.

ನಾನು ಕೊನೇ ಬಸ್ಸಿಗೆ ಹೊರಡುವಾಗ ಧಣಿ ಸತ್ತಿದ್ದ. ಪರದೆಯ ಕೆಳಗೆ ಅಕ್ಷರ ಓಡುತ್ತಿತ್ತು, ನಾಳೆ ಇದೇ ಹೊತ್ತಿಗೆ ಇದೇ ಚಿತ್ರ, ಬಣ್ಣದಲ್ಲಿ. ಭಾವ ಕನ್ನಡಕ ಒರೆಸಿಕೊಂಡು ಹೇಳಿದರು, “ಇವತ್ತು ಉಳೀಲಿಲ್ಲ. ನಾಳೆ ಬಣ್ಣದ್ದರಲ್ಲಿ ಉಳಿಯುತ್ತೇನೋ ನೋಡೋಣ. ನೀನೂ ಬಾರೋ.”