ಆನ್ನಾ ಮೇಡಂ, ವೇಲ್ಸ್‌ನಲ್ಲಿ ಹುಟ್ಟುವುದು ಹೇಗೆ?

ಗಂಗಾಭಾಗೀರಥಿ ಸಮಾನರಾದ ಶ್ರೀಮತಿ ಆನ್ನಾ ಲಿಯೊನೊವೆನ್ಸ್ ಅವರ ಸನ್ನಿಧಿಗೆ,

ಥಾಯ್ಲೆಂಡಿನ ಬುರಿರಾಮ್ ಪ್ರಾಂತ್ಯದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿಕೊಂಡಿರುವ ಶಿವಮೊಗ್ಗದ ಟೀಚರಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ನಾನು, ನಮ್ಮ ಯಜಮಾನರು, ಮಗಳು ಎಲ್ಲರೂ ಕ್ಷೇಮ. ತಾವು 1915ರಲ್ಲೇ ಮಾಂಟ್ರಿಯಲ್‌ನಲ್ಲಿ ತೀರಿಕೊಂಡಿರಿ ಎಂಬುದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಬದುಕಿರುವವರ ಪೈಕಿ ನನ್ನ ಕಷ್ಟಕ್ಕೆ ಮದ್ದು ಬಲ್ಲವರು ಯಾರೂ ಕಾಣಲಿಲ್ಲ.

ಕಷ್ಟ ಇಷ್ಟೇ. ಇಲ್ಲಿ ಮೇಷ್ಟರನ್ನು ಒದಗಿಸುವ ಏಜೆನ್ಸಿಗಳ ಜಾಹೀರಾತಿನಲ್ಲಿ ಮೊದಲ ಸಾಲೇ ‘ನೇಟಿವ್ ಸ್ಪೀಕರ್ ಬೇಕಾಗಿದ್ದಾರೆ’ ಎಂದಿರುತ್ತದೆ. ನೇಟಿವ್ ಎಂದರೆ ಬ್ರಿಟನ್, ಅಮೆರಿಕ, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. ಕೊರಿಯಾದವರಂತೂ ಇಂಗ್ಲಿಷ್ ಮೇಷ್ಟರ ವೀಸಾಕ್ಕೆ ಈ ಏಳು ದೇಶಗಳನ್ನು ನಿಯಮದಲ್ಲೇ ಬರೆದಿಟ್ಟಿದ್ದಾರೆ. ನಾನು ಇಂಗ್ಲಿಷ್ ಎಂ.ಎ., ಮೇಲೆ ಬಿ.ಎಡ್., ಊರಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿ ಹೇಳಿ ಗಂಟಲು ಸವೆಸಿಕೊಂಡು ಬಂದವಳು. ಪಕ್ಕದ ಕ್ಲಾಸಿನ ನೇಟಿವ್ ಮಹಾಶಯರು ಪಾಠ ಹೇಳುವುದನ್ನು ಈ ವರ್ಷವಷ್ಟೇ ಶುರುಮಾಡಿದ್ದಾರೆ. ಸಂಬಳ ಮಾತ್ರ ಅವರದೇ ಜಾಸ್ತಿ. ಯಾಕೆಂದು ಕೇಳಿದ್ದಕ್ಕೆ ಏಜೆನ್ಸಿಯ ಹುಡುಗಿ, ಪಾಪ ಬಹಳ ಮರ್ಯಾದಸ್ಥೆ, ಕೈಮುಗಿದು ಹೇಳಿದಳು: “ಟೀಚರ್, ನೀವು ಚೆನ್ನಾಗಿ ಕಲಿಸ್ತೀರಿ. ಆದರೆ ನೀವು ಹುಟ್ಟಿದ್ದು ಇಂಡಿಯಾದಲ್ಲಿ ಅಲ್ವಾ?”

ಆಗ ತಮ್ಮ ನೆನಪಾಯಿತು. ಹುಟ್ಟಿದ ಊರನ್ನೇ ಬದಲಾಯಿಸಿಕೊಂಡು ಇದೇ ದೇಶದ ಅರಮನೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಗಿಟ್ಟಿಸಿದ ಮಹಾತಾಯಿ ತಾವು.

ತಾವು ಲೋಕಕ್ಕೆ ಹೇಳಿದ್ದು: ಹುಟ್ಟಿದ್ದು ವೇಲ್ಸ್‌ನ ಕರ್ನಾರ್ವನ್‌ನಲ್ಲಿ, 1834ರಲ್ಲಿ. ನಿಜ ಏನೆಂದರೆ ತಾವು ಹುಟ್ಟಿದ್ದು 1831ರಲ್ಲಿ, ನಮ್ಮ ಬೆಳಗಾವಿಯವರು ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಮುಟ್ಟಬಹುದಾದ ಅಹಮದ್‌ನಗರದಲ್ಲಿ. (ಆ ಊರಿಗೂ ಈಗ ಅಹಿಲ್ಯಾನಗರ ಎಂದು ಹೆಸರಾಗಿದೆ. ಊರೂ ತಮ್ಮ ಹಾದಿಯನ್ನೇ ಹಿಡಿಯಿತು ಅನ್ನಿ.) ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಸಾರ್ಜೆಂಟ್, ತಾವು ಅವರಿಗೆ ಕ್ಯಾಪ್ಟನ್ ಹುದ್ದೆಗೆ ಬಡ್ತಿ ಕೊಟ್ಟಿರಿ. ಗಂಡ ಗುಮಾಸ್ತೆ, ಅವರನ್ನು ಸೇನಾಧಿಕಾರಿ ಮಾಡಿದಿರಿ. ಥಾಮಸ್ ಲಿಯೊನ್ ಓವೆನ್ಸ್ ಎಂಬ ಅವರ ಹೆಸರಿನ ಕೊನೆಯ ಎರಡು ತುಂಡುಗಳನ್ನು ಸೇರಿಸಿ ಲಿಯೊನೊವೆನ್ಸ್ ಎಂಬ ಘನವಾದ ಮನೆತನವೇ ಹುಟ್ಟಿತು. ಅಜ್ಜಿ ಭಾರತೀಯಳಿರಬಹುದು ಎಂಬುದು ಜೀವನಚರಿತ್ರೆ ಬರೆದವರ ಅಂದಾಜು. ಆ ಅಜ್ಜಿಯ ಸುದ್ದಿಯನ್ನು ತಾವು ಎಲ್ಲೂ ಎತ್ತಲಿಲ್ಲ.

ಮೆಚ್ಚಬೇಕಾದ್ದು ತಮ್ಮ ಕೆಲಸದ ಅಚ್ಚುಕಟ್ಟು. 1970ರ ದಶಕದಲ್ಲಿ ಬ್ರಿಸ್ಟೋ ಎಂಬ ಸಂಶೋಧಕರು ಹಳೆಯ ದಾಖಲೆಗಳನ್ನು ಕೆದಕುವವರೆಗೆ ಯಾರಿಗೂ ಪತ್ತೆಯಿಲ್ಲ. ನಡುವೆ 1884ರಲ್ಲಿ ತಾವು ಭಾರತದ ಬದುಕು-ಪ್ರಯಾಣಗಳ ಬಗ್ಗೆಯೇ ಒಂದು ಪುಸ್ತಕ ಬರೆದಿರಿ, ಹೊರಗಿನಿಂದ ಬಂದ ಇಂಗ್ಲಿಷ್ ಹೆಂಗಸು ಬೆರಗಿನಿಂದ ನೋಡಿದ ಹಾಗೆ. ತವರುಮನೆಗೆ ಟಿಕೆಟ್ ಕೊಂಡು ಒಳಗೆ ಹೋದವರು ತಾವೊಬ್ಬರೇ ಇರಬೇಕು. ತಮ್ಮ ಅಕ್ಕನ ಮೊಮ್ಮಗನೂ ತಮ್ಮನ್ನೇ ಹೋಲುತ್ತಾನೆ ನೋಡಿ: ವಿಲಿಯಂ ಪ್ರ್ಯಾಟ್ ಎಂಬ ಹೆಸರು ಕಳಚಿ ಬೋರಿಸ್ ಕಾರ್ಲಾಫ್ ಎಂದಿಟ್ಟುಕೊಂಡು, 1931ರ ಸಿನಿಮಾದಲ್ಲಿ ಫ್ರಾಂಕೆನ್‌ಸ್ಟೈನನ ರಾಕ್ಷಸನಾಗಿ ಜಗತ್ಪ್ರಸಿದ್ಧನಾದ.

ಇಷ್ಟಾಗಿ ತಮ್ಮ ಪ್ರಯಾಣ ಸುಖದ್ದೇನಲ್ಲ ಎಂಬುದೂ ಗೊತ್ತು. ಪುಣೆಯಲ್ಲಿ ಮದುವೆ, ಆಸ್ಟ್ರೇಲಿಯದ ಪರ್ತ್‌ನಲ್ಲಿ ಸಂಸಾರ, ಪಿನಾಂಗ್‌ನಲ್ಲಿ 1859ರಲ್ಲಿ ಗಂಡನ ಸಾವು, ಸಿಂಗಪುರದಲ್ಲಿ ಇಟ್ಟ ಶಾಲೆ ಗಿಟ್ಟಲಿಲ್ಲ. 1862ರಲ್ಲಿ ಸಿಯಾಮಿನ, ಎಂದರೆ ಈಗಿನ ಥಾಯ್ಲೆಂಡಿನ, ರಾಜ ಮೊಂಗ್‌ಕುಟ್‌ರಿಂದ ಕರೆ ಬಂದಾಗ ಮಗಳು ಏವಿಸ್‌ಳನ್ನು ಇಂಗ್ಲೆಂಡಿನ ಶಾಲೆಗೆ ಕಳಿಸಿ, ಮಗ ಲೂಯಿಯ ಕೈಹಿಡಿದು ಬ್ಯಾಂಕಾಕಿಗೆ ಬಂದಿಳಿದಿರಿ. ಎರಡು ಮಕ್ಕಳ ವಿಧವೆ, ಕೈಯಲ್ಲಿ ಕಾಸಿಲ್ಲ. ನಿಜ ಹೇಳಿದ್ದರೆ ಅರಮನೆಯ ಬಾಗಿಲು ತೆರೆಯುತ್ತಿತ್ತೇ? ನನಗೇನೋ ಅನುಮಾನ. ತಮ್ಮ ಸುಳ್ಳಿನ ಮೇಲೆ ನನಗೆ ಸಿಟ್ಟಿಲ್ಲ. ಆ ಸುಳ್ಳಿಗೆ ಇವತ್ತಿಗೂ ಅಷ್ಟೇ ಬೆಲೆ ಸಿಗುತ್ತಿದೆಯಲ್ಲ, ಅದು ಹೊಟ್ಟೆ ಉರಿಸುತ್ತದೆ.

ತಮ್ಮ ಕಾಲದಲ್ಲಿ ರಾಜರು ಇಟ್ಟ ಷರತ್ತು ಒಂದೇ: ಇಂಗ್ಲಿಷ್ ಕಲಿಸಿ, ಮತಪ್ರಚಾರ ಬೇಡ. ನಮ್ಮ ಕಾಲದ ಷರತ್ತುಗಳನ್ನು ಕೇಳಿ. ಡಿಗ್ರಿ ಸರ್ಟಿಫಿಕೇಟಿಗೆ ದೆಹಲಿಯ ವಿದೇಶಾಂಗ ಸಚಿವಾಲಯದ ಮೊಹರು, ಅದರ ಮೇಲೆ ಥಾಯ್ ರಾಯಭಾರ ಕಚೇರಿಯ ಮೊಹರು. ಪೊಲೀಸರಿಂದ ನಡತೆಯ ಪತ್ರ, ಡಾಕ್ಟರರಿಂದ ಆರೋಗ್ಯದ ಪತ್ರ. ತೊಂಬತ್ತು ದಿನಕ್ಕೊಮ್ಮೆ ‘ನಾನಿನ್ನೂ ಇದೇ ವಿಳಾಸದಲ್ಲಿದ್ದೇನೆ’ ಎಂದು ವಲಸೆ ಕಚೇರಿಗೆ ವರದಿ. ಪ್ರತಿ ಜೆರಾಕ್ಸಿನ ಮೇಲೂ ಸಹಿ, ಅದೂ ನೀಲಿ ಶಾಯಿಯಲ್ಲೇ. ಇದೆಲ್ಲ ನೇಟಿವ್ ಮಹಾಶಯರಿಗೂ ತಪ್ಪಿದ್ದಲ್ಲ, ಒಪ್ಪುತ್ತೇನೆ. ನಮಗೆ ಮಾತ್ರ ಇರುವ ಪ್ರಸಾದವೆಂದರೆ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆ. ಎರಡು ಗಂಟೆ, ಇನ್ನೂರು ಪ್ರಶ್ನೆ. ಕಿವಿಗೊಟ್ಟು ಕೇಳಿ, ಆಫೀಸಿನ ಮೀಟಿಂಗು ಮಧ್ಯಾಹ್ನಕ್ಕೆ ಹೋಯಿತೋ ನಾಳೆಗೆ ಹೋಯಿತೋ ಎಂದು ಗುರುತು ಹಾಕಬೇಕು. ಅಂಕಪಟ್ಟಿಯ ಆಯುಸ್ಸು ಎರಡು ವರ್ಷ. ಅಲ್ಲಿಗೆ ನನ್ನ ಇಂಗ್ಲಿಷು ಹುಳಿ ಬಂದ ದೋಸೆಹಿಟ್ಟಿನಂತೆ ಕೆಡುತ್ತದೆ ಎಂದಾಯಿತು. ಪಾಸ್‌ಪೋರ್ಟಿನೊಳಗೆ ಇಟ್ಟ ಇಂಗ್ಲಿಷಾದರೆ ಹತ್ತು ವರ್ಷ ಕೆಡುವುದಿಲ್ಲ.

ನಮ್ಮ ಶಾಲೆಯಲ್ಲಿ ಹಿಂದೆ ಇನ್ನೊಬ್ಬರು ‘ಅಮೆರಿಕನ್’ ಇದ್ದರು. ಹೊಂಬಣ್ಣದ ಕೂದಲು, ಆರಡಿ ಎತ್ತರ. ಪಾಲಕರ ಸಭೆ ಬಂತೆಂದರೆ ಮುಂದಿನ ಸಾಲಿನಲ್ಲಿ ಅವರಿಗೇ ಕುರ್ಚಿ. ಫಿಲಿಪೀನ್ಸಿನ ಮೇಡಂಗಳಿಗೂ ನಮಗೂ ಫೋಟೋದಲ್ಲಿ ಹೂಕುಂಡದ ಹಿಂದೆ ಜಾಗ. ಆ ಮಹಾನುಭಾವರ ಮನೆಮಾತು ರಷ್ಯನ್. ಅಮೆರಿಕವನ್ನು ಅವರು ಸಿನಿಮಾದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವರಲ್ಲ. ಒಳ್ಳೆಯ ಮನುಷ್ಯ, ಪಾಠಯೋಜನೆಯನ್ನು ನನ್ನಿಂದ ತಿದ್ದಿಸಿಕೊಂಡು ಪ್ರತಿಸಲ ಹಲಸಿನ ತೊಳೆ ತಂದುಕೊಡುತ್ತಿದ್ದರು. ಇದೂ ತಮ್ಮದೇ ಪರಂಪರೆ ಮೇಡಂ. ತಮ್ಮ ಕಥೆಯನ್ನು 1956ರಲ್ಲಿ ಹಾಲಿವುಡ್ಡಿನವರು ಸಿನಿಮಾ ಮಾಡಿದಾಗ ಸಿಯಾಮಿನ ರಾಜನ ಪಾತ್ರ ಕಟ್ಟಿದ್ದು ವ್ಲಾದಿವಸ್ತೋಕ್‌ನಲ್ಲಿ ಹುಟ್ಟಿದ ಯೂಲ್ ಬ್ರಿನ್ನರ್. ಅವರಿಗೆ ಆಸ್ಕರ್ ಬಂತು. ಥಾಯ್ ಸರ್ಕಾರ ತನ್ನ ರಾಜನನ್ನು ಕೋಡಂಗಿ ಮಾಡಿದ್ದಾರೆಂದು ಆ ಸಿನಿಮಾವನ್ನು ನಿಷೇಧಿಸಿತು. ನಿಜದ ಮೊಂಗ್‌ಕುಟ್ ಇಪ್ಪತ್ತೇಳು ವರ್ಷ ಭಿಕ್ಷುವಾಗಿದ್ದವರು, ಖಗೋಳಶಾಸ್ತ್ರ ಬಲ್ಲವರು, 1868ರ ಸೂರ್ಯಗ್ರಹಣವನ್ನು ಮೊದಲೇ ಲೆಕ್ಕಹಾಕಿ ಹೇಳಿದವರು. ಅಂಥವರಿಗೆ ತಾವು ನಾಗರಿಕತೆ ಕಲಿಸಿದಿರಿ ಎಂದು ಲೋಕ ನಂಬಿತಲ್ಲ, ಸಿಯಾಮಿನ ಕಥೆ ಬರೆದ ತಮ್ಮ ಲೇಖನಿಗೆ ಶರಣು.

ಈ ನೇಟಿವ್ ಮೋಹಕ್ಕೆ ಶಾಸ್ತ್ರದ ಆಧಾರವೂ ಇತ್ತು. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಪಂಡಿತರು ಸೇರಿ, ಇಂಗ್ಲಿಷ್ ಕಲಿಸಲು ನೇಟಿವ್ ಆದವನೇ ಆದರ್ಶ ಎಂಬ ತತ್ವಕ್ಕೆ ಗಟ್ಟಿ ತಳಹದಿ ಹಾಕಿದರು. ಅದೊಂದು ಭ್ರಮೆ ಎಂದು ರಾಬರ್ಟ್ ಫಿಲಿಪ್‌ಸನ್ 1992ರ ಪುಸ್ತಕವೊಂದರಲ್ಲಿ ವಾದಿಸಿದರು. ಫಿಲಿಪ್‌ಸನ್ ಸ್ವತಃ ಬ್ರಿಟಿಷರು. ಆದ್ದರಿಂದ ಪಂಡಿತರು ಕಿವಿಗೊಟ್ಟರು. ಏಜೆನ್ಸಿಯವರು ಪುಸ್ತಕ ಓದುವುದಿಲ್ಲ.

ಓದುವುದು ಬೇಡ, ಒಂದು ದಿನ ನನ್ನ ಮೂರನೇ ತರಗತಿಯಲ್ಲಿ ಕೂತರೆ ಸಾಕು. ನಾವು ಕನ್ನಡದವರು ಇಂಗ್ಲಿಷ್ ಪದದ ಕೊನೆಗೆ ಒಂದು ಉಕಾರ ಅಂಟಿಸದೆ ಬಿಡುವವರಲ್ಲ: ಬಸ್ಸು, ಕಾರು, ಬುಕ್ಕು. ಥಾಯ್ ಮಕ್ಕಳು ಕೊನೆಯ ಸದ್ದನ್ನು ನುಂಗುತ್ತಾರೆ, ಇಲ್ಲವೇ ಬದಲಿಸುತ್ತಾರೆ. ಟೆನಿಸ್ ಎನ್ನುವುದು ‘ಟೆನಿಟ್’ ಆಗುತ್ತದೆ. ನೇಟಿವ್ ಮಹಾಶಯರು ‘ಟೆನಿಸ್, ಟೆನಿಸ್’ ಎಂದು ಹತ್ತು ಸಲ ಹೇಳಿ, ಮಕ್ಕಳು ಹತ್ತು ಸಲ ‘ಟೆನಿಟ್, ಟೆನಿಟ್’ ಎಂದು ನಕ್ಕು ಪೀರಿಯಡ್ ಮುಗಿಯುತ್ತಿತ್ತು. ನಾಲಿಗೆ ಎಲ್ಲಿ ತಡೆಯುತ್ತದೆ ಎಂಬುದು ತಡವರಿಸಿ ಕಲಿತವಳಿಗೆ ಗೊತ್ತು. ಹಾವಿನ ಹಾಗೆ ಬುಸುಗುಟ್ಟುವ ಆಟ ಆಡಿಸಿದೆ. ಮೊದಲು ಬರೀ ‘ಸ್ಸ್ಸ್’, ಆಮೇಲೆ ‘ನಿಸ್ಸ್ಸ್’, ಕೊನೆಗೆ ಇಡೀ ಪದ. ವಾರದೊಳಗೆ ತರಗತಿಯ ತುಂಬ ಹಾವುಗಳಾದವು, ಟೆನಿಸೂ ಬಂತು. ಈ ವಿದ್ಯೆಗೆ ಸಂಬಳದ ಚೀಟಿಯಲ್ಲಿ ಕಾಲಂ ಇಲ್ಲ.

ಮಕ್ಕಳು ಮಾತ್ರ ಪಾಸ್‌ಪೋರ್ಟ್ ಕೇಳುವುದಿಲ್ಲ. ಶಾಲೆ ಶುರುವಾದ ಮೇಲೆ, ಸಾಮಾನ್ಯವಾಗಿ ಜೂನ್ ತಿಂಗಳ ಒಂದು ಗುರುವಾರ, ‘ವೈ ಕ್ರೂ’ ಎಂಬ ಗುರುವಂದನೆ. ಹಿಂದಿನ ಸಂಜೆಯೇ ಬಾಳೆಲೆ ಮಡಚಿ, ಪಿನ್ನು ಚುಚ್ಚಿ ಗೋಪುರದಂಥ ತಟ್ಟೆ ಕಟ್ಟುತ್ತಾರೆ. ಅದಕ್ಕೆ ಗರಿಕೆ, ಕೇಪಳದ ಹೂವು, ಬದನೆ ಹೂವು, ಅರಳು. ಗರಿಕೆಯ ಹಾಗೆ ತುಳಿದರೂ ಬುದ್ಧಿ ಮತ್ತೆ ಚಿಗುರಲಿ, ಕೇಪಳದ ಮೊಗ್ಗಿನ ಹಾಗೆ ಚೂಪಾಗಲಿ, ಬದನೆ ಹೂವಿನ ಹಾಗೆ ತಲೆ ಬಾಗಲಿ, ಅರಳಿನ ಹಾಗೆ ಶಿಸ್ತಿನೊಳಗೆ ಅರಳಲಿ ಎಂದು ಅರ್ಥ. ಮಕ್ಕಳು ಮಂಡಿಯೂರಿ ಅದನ್ನು ಕೈಗಿಟ್ಟು ನೆಲಕ್ಕೆ ಬಾಗುವಾಗ ನನ್ನ ಕೈ ತಾನಾಗಿ ಅವರ ತಲೆ ಸವರಲು ಹೋಯಿತು. ತಲೆ ಮುಟ್ಟಬಾರದು ಎಂದು ಪಕ್ಕದ ಥಾಯ್ ಮೇಡಂ ಮೆಲ್ಲಗೆ ಕೈ ಹಿಡಿದರು. ನೇಟಿವ್ ಮಹಾಶಯರು ಗರಿಕೆಯ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಕ್ರಿಕೆಟ್ ಕಪ್ಪಿನ ಹಾಗೆ ಮೇಲೆತ್ತಿ ಹಿಡಿದರು. ಶಾಲೆಯ ಬ್ಯಾನರಿನಲ್ಲಿ ಅಚ್ಚಾದದ್ದು ಅದೇ ಫೋಟೋ.

ಇನ್ನು ನಮ್ಮ ತಿರುಗಾಟ. ರಜೆಯಲ್ಲಿ ಅತ್ತೆಯವರು ಊರಿಂದ ಬಂದಿದ್ದರು. ನಾವಿರುವ ಈಸಾನ್ ಸೀಮೆಯಲ್ಲಿ ಪರಂಗಿಕಾಯಿ ಕೋಸಂಬರಿಗೂ ಹುದುಗಿಸಿದ ಮೀನಿನ ರಸ ಹಾಕುತ್ತಾರೆ ಎಂದು ತಿಳಿದ ಮೇಲೆ ಅವರು ಮೊಸರನ್ನ ಬಿಟ್ಟು ಏನನ್ನೂ ಮುಟ್ಟಲಿಲ್ಲ. ಅಷ್ಟರಲ್ಲಿ ಸಸ್ಯಾಹಾರದ ‘ಜೇ’ ಹಬ್ಬ ಬಂತು. ಒಂಬತ್ತು ದಿನ ಅಂಗಡಿಗಳ ಮುಂದೆ ಹಳದಿ ಬಾವುಟ. ಆ ಬಾವುಟ ಇದ್ದಲ್ಲಿ ಮಾಂಸ-ಮೀನು ಹೋಗಲಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. “ಇಷ್ಟು ಮಡಿ ನಮ್ಮ ಮಠದಲ್ಲೂ ಕಾಣೆ” ಎಂದು ಅತ್ತೆ ಬೀದಿಯುದ್ದಕ್ಕೂ ತಿಂದರು. ಆ ಹುರುಪಿನಲ್ಲೇ ಫನೊಮ್ ರುಂಗ್ ಹತ್ತಿದೆವು. ಆರಿಹೋದ ಜ್ವಾಲಾಮುಖಿಯ ನೆತ್ತಿಯ ಮೇಲೆ ಖ್ಮೇರರು ಕಟ್ಟಿದ ಶಿವನ ಗುಡಿ. ಬಾಗಿಲವಾಡದ ಮೇಲೆ ಅನಂತಶಯನ. ಆ ಕಲ್ಲು ಒಮ್ಮೆ ಕಳುವಾಗಿ ಶಿಕಾಗೋದ ವಸ್ತುಸಂಗ್ರಹಾಲಯದಲ್ಲಿ ಪತ್ತೆಯಾಯಿತು. ಥಾಯ್ ಜನ ಗಲಾಟೆ ಎಬ್ಬಿಸಿ, ಕಾರಬಾವ್ ಎಂಬ ಬ್ಯಾಂಡಿನವರು ಹಾಡೇ ಕಟ್ಟಿ ಹಾಡಿ, 1988ರಲ್ಲಿ ವಾಪಸು ತರಿಸಿಕೊಂಡರು. ವಿಷ್ಣು ಅಷ್ಟು ವರ್ಷ ಅಮೆರಿಕದಲ್ಲಿದ್ದು ಬಂದರೂ ನೇಟಿವ್ ಎನಿಸಿಕೊಳ್ಳಲಿಲ್ಲ ಎಂದು ನಮ್ಮ ಯಜಮಾನರ ಷರಾ. ಗುಡಿಯ ಟಿಕೆಟಿಗೆ ಎರಡು ದರ, ಸ್ಥಳೀಯರಿಗೊಂದು, ವಿದೇಶಿಯರಿಗೊಂದು. ಸಂಬಳದ ದಿನ ನಾನು ಸಾಕಷ್ಟು ವಿದೇಶಿಯಲ್ಲ. ಟಿಕೆಟ್ ಕಿಟಕಿಯಲ್ಲಿ ಮಾತ್ರ ಅಪ್ಪಟ ವಿದೇಶಿ.

ನೊಂಗ್ ಖಾಯ್‌ನಿಂದ ಮೆಕಾಂಗ್ ದಾಟಿ ಲಾವೋಸಿಗೂ ಹೋದೆವು. 1994ರಲ್ಲಿ ಕಟ್ಟಿದ ಸೇತುವೆ, ದಾಟಿ ಮುಂದೆ ಹೋದರೆ ವಿಯೆಂಟಿಯಾನ್. ಮೂರು ಜನಕ್ಕೂ ಮರುಪ್ರವೇಶದ ಪರವಾನಗಿಗೆ ತಲೆಗೆ ಸಾವಿರ ಬಾತ್. ಅದಿಲ್ಲದೆ ಗಡಿ ದಾಟಿದರೆ ಇಲ್ಲಿನ ವೀಸಾವೇ ಬಿದ್ದುಹೋಗುತ್ತದೆ. ಊಟ, ರೈಲು, ಹೋಟೆಲು ಎಲ್ಲ ಸೇರಿಸಿದರೂ ನಮ್ಮ ಪ್ರವಾಸದಲ್ಲಿ ಮೊಹರಿನದೇ ದೊಡ್ಡ ಖರ್ಚು.

ಏಜೆನ್ಸಿಯವರನ್ನು ಬೈದು ನಮ್ಮವರನ್ನು ಬಿಟ್ಟರೆ ನ್ಯಾಯವಲ್ಲ. ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ಬಂದಾಗ ನಾಲಿಗೆಯಿಂದ ಊರಿನ ವಾಸನೆ ಹೋಗಿಸುವ ತರಬೇತಿಗೆ ನಮ್ಮ ಹುಡುಗರು ಸಾಲುನಿಂತದ್ದನ್ನು ನೋಡಿದ್ದೇನೆ. ಇಂಟರ್‌ನ್ಯಾಷನಲ್ ಶಾಲೆಗಳ ಹೋರ್ಡಿಂಗಿನಲ್ಲಿ ನಗುವ ಬಿಳಿ ಮುಖಗಳನ್ನು ನೋಡಿ ಫೀಸು ಕಟ್ಟುವವರು ಥಾಯ್ ಪಾಲಕರಲ್ಲ. ನನ್ನ ಸ್ವಂತ ತಮ್ಮ ಫೋನಿನಲ್ಲಿ ಕೇಳಿದ: “ಅಕ್ಕಾ, ನಿಮ್ಮ ಶಾಲೆಯಲ್ಲಿ ಪಾಪುಗೆ ಇಂಗ್ಲಿಷ್ ಕಲಿಸೋದು ಫಾರಿನರ್ಸ್ ತಾನೇ?” ಹೌದಪ್ಪ, ನಾನೇ ಆ ಫಾರಿನರ್ ಅಂದೆ. ಅವನಿಗೆ ನಿರಾಸೆಯಾಯಿತು.

ಆದ್ದರಿಂದ ತಾಯಿ, ಕರ್ನಾರ್ವನ್‌ನಲ್ಲಿ ಹುಟ್ಟುವ ಗುಟ್ಟನ್ನು ತಿಳಿಸಿಕೊಡಿ ಎಂದು ಮೊದಲು ಬೇಡಿಕೊಳ್ಳುವವಳಿದ್ದೆ. ಬರೆಯುತ್ತಾ ಬರೆಯುತ್ತಾ ಮನಸ್ಸು ಬದಲಾಯಿತು. ಆ ಸುಳ್ಳನ್ನು ಕಾಪಾಡಲು ತಾವು ಸಾಯುವವರೆಗೆ ತವರನ್ನು ತವರು ಎಂದು ಕರೆಯಲಿಲ್ಲ. ನನ್ನ ಮಗಳು ಶಾಲೆಯ ಫಾರಮ್ಮಿನಲ್ಲಿ ಹುಟ್ಟಿದ ಊರು ಎಂಬಲ್ಲಿ ಶಿವಮೊಗ್ಗ ಎಂದು ಥಾಯ್ ಲಿಪಿಯಲ್ಲಿ ಬರೆಯುವುದನ್ನು ಕಲಿತಿದ್ದಾಳೆ. ಅದು ಹಾಗೇ ಇರಲಿ. ಸಂಬಳದ ಜಗಳವನ್ನು ನಾನು ಏಜೆನ್ಸಿಯ ಜೊತೆಗೇ ಆಡಿಕೊಳ್ಳುತ್ತೇನೆ.

ಇಂತಿ ತಮ್ಮ ಹುದ್ದೆಯ ಉತ್ತರಾಧಿಕಾರಿ,
ನೇಟಿವ್ ಅಲ್ಲದ ಟೀಚರಮ್ಮ

ಮರೆತ ಮಾತು: ಇದು ಆನ್ನಾ ಮೇಡಂಗೆ ಅಲ್ಲ, ಈ ಕಡೆ ಬರಬೇಕೆಂದಿರುವ ನಮ್ಮ ಕಡೆಯ ಮೇಷ್ಟರುಗಳಿಗೆ. “ಈಗ ಟೂರಿಸ್ಟಾಗಿ ಬನ್ನಿ, ವೀಸಾ ಆಮೇಲೆ ನೋಡೋಣ” ಎನ್ನುವ ಏಜೆಂಟನನ್ನು ನಂಬಬೇಡಿ. ಕೆಲಸದ ಪರವಾನಗಿ ಇಲ್ಲದೆ ಇಲ್ಲಿ ಪಾಠ ಮಾಡುವುದು ಅಪರಾಧ, ಸಿಕ್ಕಿಬೀಳುವುದು ನೀವೇ, ಅವನಲ್ಲ. ಶಾಲೆ ಮುಚ್ಚುವ ಮಾರ್ಚ್-ಏಪ್ರಿಲ್‌ನಲ್ಲಿ ಹತ್ತು ತಿಂಗಳ ಕರಾರಿನವರಿಗೆ ಸಂಬಳ ಇರುವುದಿಲ್ಲ, ನೇಟಿವ್ ಆದರೂ ಅಷ್ಟೆ. ಹನ್ನೆರಡು ತಿಂಗಳ ಸಂಬಳ ಎಂದು ಕರಾರಿನಲ್ಲಿ ಬರೆದು ಸಹಿ ಆಗುವವರೆಗೆ ವಿಮಾನದ ಟಿಕೆಟ್ ಕೊಳ್ಳಬೇಡಿ.